ಆರೋಗ್ಯದ ಅಧಿಕಾರವಿಧಿ: ರಾಜಸ್ಥಾನದ ೨೦೨೩ನೆಯ ಕಾಯಿದೆಯ ವಾಕ್ಯವಿಮರ್ಶೆ

(೧)

ಶಾಸನವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೆಯೋ ತಾಮ್ರಪಟದ ಮೇಲೆಯೋ ಕೊರೆದ ಬರೆಹವು ಒಂದು. ಶಾಸನಸಭೆಯು ಅಂಗೀಕರಿಸಿದ ಕಾಯಿದೆಯು ಮತ್ತೊಂದು. ಮೊದಲನೆಯದನ್ನು ಈ ಪತ್ರಿಕೆಯ ವಾಚಕರು ಅಕ್ಷರಾಕ್ಷರವಾಗಿ ಪರೀಕ್ಷಿಸಿ, ದತ್ತಿಯನ್ನು ಕೊಟ್ಟವನಾರು, ಪಡೆದವನಾರು, ಅದನ್ನು ಅಳಿದವನಿಗೆ ಯಾವ ಶಾಪವನ್ನು ಹೇಳಿದೆ ಎಂಬುದನ್ನು ನಿಷ್ಕರ್ಷಿಸುವುದು ವಾಡಿಕೆಯಾಗಿದೆ. ಎರಡನೆಯದನ್ನು ಮಾತ್ರ ನಾವು ವಕೀಲರಿಗೆ ಬಿಟ್ಟುಕೊಟ್ಟಿದ್ದೇವೆ. ಅದೂ ವಾಙ್ಮಯವೇ, ಅದರಲ್ಲಿಯೂ ಕರ್ತೃ ಕರ್ಮ ಕ್ರಿಯಾಪದಗಳಿವೆ, ಅದರ ಒಂದು ವಿಶೇಷಣವು ಸಡಿಲವಾದರೆ ಯಾರೋ ಒಬ್ಬನ ಪ್ರಾಣಕ್ಕೆ ಎರವಾಗಬಹುದು. ಕಾವ್ಯದಲ್ಲಿ ದೋಷವು ರಸಭಂಗಕ್ಕೆ ಕಾರಣವಾದರೆ, ಇಲ್ಲಿ ದೋಷವು ಜೀವಭಂಗಕ್ಕೆ ಕಾರಣವಾಗುವುದು. ಆದಕಾರಣ ವಾಕ್ಯಾರ್ಥವನ್ನೇ ವಿದ್ಯೆಯನ್ನಾಗಿ ಉಳ್ಳ ಮೀಮಾಂಸಕರು ಇಂತಹ ಗ್ರಂಥವನ್ನು ನೋಡತಕ್ಕುದು ಅನುಚಿತವಲ್ಲವೆಂದು ಭಾವಿಸಿ ಈ ಲೇಖನಕ್ಕೆ ತೊಡಗಿರುವೆವು.

ಮೀಮಾಂಸಾನ್ಯಾಯಗಳನ್ನು ವ್ಯವಹಾರಶಾಸ್ತ್ರಕ್ಕೆ ಅನ್ವಯಿಸುವುದು ಹೊಸ ಸಾಹಸವೇನೂ ಅಲ್ಲ. ಕಿಶೋರಿಲಾಲ ಸರ್ಕಾರರು ೧೯೦೫ರಲ್ಲಿ ಕಲ್ಕತ್ತೆಯಲ್ಲಿ ಕೊಟ್ಟ ಠಾಕೂರ್ ಉಪನ್ಯಾಸಗಳು ಈ ವಿಷಯವನ್ನೇ ಕುರಿತವು. ನಮ್ಮ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನೂ ಅದೇ ದಾರಿಯಲ್ಲಿ ನಡೆದವನೆಂಬುದು ವಿದಿತವೇ ಆಗಿದೆ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದ ನಿಮಿತ್ತವೊಂದುಂಟು. ನಮ್ಮ ಪಾಠಶಾಲೆಯಲ್ಲಿ ಅಡಿಗೆ ಮಾಡುತ್ತಿದ್ದ ಒಬ್ಬ ಮುದುಕರನ್ನು ಹಿತ್ತಿಲಿನಲ್ಲಿ ಸೌದೆ ಎತ್ತುವಾಗ ಹಾವು ಕಚ್ಚಿತು. ರಾತ್ರಿ ಹತ್ತು ಗಂಟೆಯ ಸಮಯ. ಇಬ್ಬರು ವಿದ್ಯಾರ್ಥಿಗಳು ಅವರನ್ನು ಹತ್ತಿರದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಮೊದಲು ಮುಂಗಡವನ್ನು ಕಟ್ಟಿರೆಂದು ಅಲ್ಲಿ ಹೇಳಿದರು. ಹುಡುಗರ ಕೈಯಲ್ಲಿ ಇದ್ದುದು ಬಸ್ಸಿನ ಹಣ ಮಾತ್ರ. ನಾವು ಹಣ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಒಂದೂವರೆ ಗಂಟೆಯ ಕಾಲವು ಕಳೆದಿತ್ತು. ದೈವಕೃಪೆಯಿಂದ ಆ ಹಾವು ವಿಷದ್ದಾಗಿರಲಿಲ್ಲ. ಆದರೆ ಅದು ವಿಷದ್ದಲ್ಲವೆಂದು ಮುಂಗಡ ಕೇಳಿದವರಿಗೂ ಆಗ ಗೊತ್ತಿರಲಿಲ್ಲ. ಆ ರಾತ್ರಿ ನಮ್ಮ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಇದು: ಆ ಮುದುಕರಿಗೆ ಚಿಕಿತ್ಸೆಯನ್ನು ಕೇಳಲು ಅಧಿಕಾರವಿದ್ದಿತೆ, ಅಥವಾ ಯಾಚಿಸಲು ಅವಕಾಶವಿದ್ದಿತೆ? ಇವೆರಡಕ್ಕೂ ಇರುವ ಭೇದವೇ ಈ ಲೇಖನದ ವಿಷಯವು.

(೨)

ಮೊದಲು ನಮ್ಮ ಪೂರ್ವಗ್ರಂಥಗಳ ಸ್ಥಿತಿಯನ್ನು ನೋಡುವ. ಪ್ರಾಚೀನರಲ್ಲಿ ಎಲ್ಲವೂ ಇದ್ದಿತೆಂದು ಹೇಳುವುದು ಈಗ ಒಂದು ಅಭ್ಯಾಸವಾಗಿದೆ. ಆದರೆ ಗ್ರಂಥವನ್ನು ಬಿಚ್ಚಿ ನೋಡಿದಲ್ಲಿ ಗೌರವಕ್ಕೆ ಕಾರಣವಾದುದೂ ಲಜ್ಜೆಗೆ ಕಾರಣವಾದುದೂ ಒಂದೇ ಪುಟದಲ್ಲಿ ದೊರೆಯುತ್ತವೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಅರ್ಥಕಾಮಗಳಿಗಾಗಿಯಲ್ಲದೆ ಭೂತದಯೆಯಿಂದ ಚಿಕಿತ್ಸೆ ಮಾಡುವವನೇ ಶ್ರೇಷ್ಠನೆಂದೂ, ವೈದ್ಯವನ್ನು ಸರಕಿನಂತೆ ಮಾರುವವನು ಚಿನ್ನದ ರಾಶಿಯನ್ನು ಬಿಟ್ಟು ಧೂಳಿನ ರಾಶಿಯನ್ನು ಪಡೆದವನೆಂದೂ ಹೇಳಿದೆ. ಅದೇ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಷ್ಯನಿಗೆ ಆಚಾರ್ಯನು ಕೊಡುವ ಉಪದೇಶದಲ್ಲಿ, ರಾಜನು ದ್ವೇಷಿಸುವವರಿಗೂ, ಗಂಡನಾಗಲಿ ರಕ್ಷಕನಾಗಲಿ ಹತ್ತಿರವಿಲ್ಲದ ಸ್ತ್ರೀಯರಿಗೂ ಔಷಧವನ್ನು ಕೊಡಕೂಡದೆಂದಿದೆ. ಸುಶ್ರುತನು ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ ದರಿದ್ರರನ್ನೂ ಅನಾಥರನ್ನೂ ಸ್ವಂತ ಬಂಧುಗಳಂತೆ ಕಂಡು ತನ್ನ ಔಷಧದಿಂದಲೇ ಚಿಕಿತ್ಸೆ ಮಾಡಬೇಕೆಂದು ಹೇಳಿ, ಆ ಬೆನ್ನಿನಲ್ಲಿಯೇ ಬೇಡರು, ಹಕ್ಕಿಹಿಡಿಯುವವರು, ಪತಿತರು ಇವರಿಗೆ ಚಿಕಿತ್ಸೆ ಮಾಡಕೂಡದೆಂದು ನಿಷೇಧಿಸಿದ್ದಾನೆ. ದಯೆಯು ಅಲ್ಲಿ ಉಂಟು. ಅದಕ್ಕೆ ಬೇಲಿಯೂ ಉಂಟು. ಬೇಲಿಯ ಹೊರಗೆ ನಿಂತವನಿಗೆ ಆ ದಯೆಯ ವರ್ಣನೆಯಿಂದ ಏನು ಪ್ರಯೋಜನ?

ಧರ್ಮಶಾಸ್ತ್ರ ಅರ್ಥಶಾಸ್ತ್ರಗಳು ವೈದ್ಯನನ್ನು ದಂಡದ ಪ್ರಕರಣದಲ್ಲಿ ಎತ್ತಿಕೊಳ್ಳುತ್ತವೆ. ಪ್ರಾಣಾಪಾಯವುಳ್ಳ ರೋಗವನ್ನು ರಾಜಪುರುಷರಿಗೆ ತಿಳಿಸದೆ ಚಿಕಿತ್ಸೆ ಮಾಡಿದಾಗ ರೋಗಿಯು ಸತ್ತರೆ ಪೂರ್ವಸಾಹಸದಂಡವನ್ನೂ, ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಮಧ್ಯಮವನ್ನೂ ಕೌಟಿಲ್ಯನು ವಿಧಿಸುವನು. ಯಾಜ್ಞವಲ್ಕ್ಯನು ಮಿಥ್ಯಾಚಿಕಿತ್ಸೆಗೆ ಪಶುಗಳ ವಿಷಯದಲ್ಲಿ ಪ್ರಥಮಸಾಹಸ, ಮನುಷ್ಯರ ವಿಷಯದಲ್ಲಿ ಮಧ್ಯಮ, ರಾಜಪುರುಷರ ವಿಷಯದಲ್ಲಿ ಉತ್ತಮಸಾಹಸ ಎಂದು ಮೂರು ಮೆಟ್ಟಿಲುಗಳನ್ನು ಮಾಡಿದ್ದಾನೆ. ರಾಜಪುರುಷನ ದೇಹಕ್ಕೆ ಹೆಚ್ಚು ಬೆಲೆ, ಪ್ರಜೆಯ ದೇಹಕ್ಕೆ ಕಡಿಮೆ ಬೆಲೆ ಎಂಬ ತಾರತಮ್ಯವು ಇಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತಿದೆ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವು ಮತ್ತೊಂದು. ಈ ದಂಡಗಳೆಲ್ಲವೂ ಕೆಟ್ಟ ಚಿಕಿತ್ಸೆಗೆ ಹೇಳಿದವು. ಚಿಕಿತ್ಸೆಯನ್ನು ನಿರಾಕರಿಸಿದುದಕ್ಕೆ ಈ ವಾಕ್ಯಗಳಲ್ಲಿ ದಂಡವಿಲ್ಲ. ಅದಕ್ಕೆ ಸಮೀಪವಾದ ಬೀಜವೊಂದು ಯಾಜ್ಞವಲ್ಕ್ಯಸ್ಮೃತಿಯ ಸಾಹಸಪ್ರಕರಣದಲ್ಲಿದೆ: ಆಪತ್ತಿನಲ್ಲಿರುವವನು ಕೂಗಿಕೊಂಡಾಗ ಓಡಿಬಾರದವನನ್ನು ದಂಡ್ಯರ ಸಾಲಿನಲ್ಲಿ ಸೇರಿಸಿದೆ. ಈ ಬೀಜವು ಚಿಕಿತ್ಸೆಯ ಹೊಲದಲ್ಲಿ ಬಿತ್ತಲ್ಪಡಲಿಲ್ಲ. ಅದೇ ಸಾಲಿನಲ್ಲಿಯೇ ಮೇಲಿನವರನ್ನು ಮುಟ್ಟಿದ ಚಂಡಾಲನನ್ನೂ ದಂಡ್ಯನೆಂದು ಎಣಿಸಿರುವುದನ್ನು ನೋಡಿದರೆ, ಏಕೆ ಬಿತ್ತಲ್ಪಡಲಿಲ್ಲವೆಂಬುದು ಊಹ್ಯವಾಗುತ್ತದೆ. ಕೂಗಿದವನು ಯಾರೆಂಬುದನ್ನು ನೋಡಿ ಓಡುವ ಸಮಾಜದಲ್ಲಿ ಓಟದ ವಿಧಿಯು ಪೂರ್ಣವಾಗಲಾರದು.

ದಾನದ ಪಕ್ಷದಲ್ಲಿಯಾದರೋ ನಮ್ಮ ಚರಿತ್ರೆಯು ಬಡವಾಗಿಲ್ಲ. ಅಶೋಕನ ಎರಡನೆಯ ಬಂಡೆಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡನ್ನೂ ಔಷಧಿಸಸ್ಯಗಳನ್ನು ನೆಡಿಸಿದುದನ್ನೂ ಹೇಳುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ನೆಯ ಇಸವಿಯ ಶಾಸನದಲ್ಲಿ, ವೇದಶಾಸ್ತ್ರಗಳ ಪಾಠ, ಅನ್ನದಾನ ಮುಂತಾದುವುಗಳೊಡನೆ ಅನಾಥರಾದ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೆಂಬ ಮಾತೂ ಇದೆ. ಇದನ್ನು ಓದುವಾಗ ಯಾವ ಕನ್ನಡಿಗನಿಗೆ ಹೆಮ್ಮೆಯಾಗದು? ಆದರೂ ವಾಕ್ಯದ ಸ್ವರೂಪವನ್ನು ಮರೆಯಕೂಡದು. ಅಲ್ಲಿ ಕರ್ತೃಸ್ಥಾನದಲ್ಲಿರುವುದು ಮಠವು, ರೋಗಿಯು ಸಂಪ್ರದಾನಸ್ಥಾನದಲ್ಲಿರುವನು. ಕೊಡದಿದ್ದರೆ ಕೇಳುವ ಬಗೆಯು ಅಲ್ಲಿ ಹೇಳಲ್ಪಟ್ಟಿಲ್ಲ. ದಾನಶಾಸನದಲ್ಲಿ ಶಾಪವಿರುವುದು ಭೂಮಿಯನ್ನು ಅಪಹರಿಸಿದವನಿಗೆ. ಬಾಗಿಲಿಗೆ ಬಂದ ರೋಗಿಯನ್ನು ಹಿಂದಕ್ಕೆ ಕಳುಹಿಸಿದವನಿಗೆ ಅಲ್ಲ.

(೩)

ಭಾರತದ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಆರನೆಯ ವಿಷಯವಾಗಿವೆ. ನಲವತ್ತೇಳನೆಯ ವಿಧಿಯು ಜನಾರೋಗ್ಯವನ್ನು ಉತ್ತಮಗೊಳಿಸುವುದನ್ನು ರಾಜ್ಯದ ಕರ್ತವ್ಯವೆಂದರೂ, ಅದು ನಿರ್ದೇಶಕತತ್ತ್ವಗಳ ಭಾಗವಾದುದರಿಂದ ನ್ಯಾಯಾಲಯದಲ್ಲಿ ಬಲಾತ್ಕಾರವಾಗಿ ನಡೆಯಿಸತಕ್ಕುದಲ್ಲ. ೧೯೪೬ರಲ್ಲಿ ವರದಿಯನ್ನು ಸಲ್ಲಿಸಿದ ಭೋರ್ ಸಮಿತಿಯು, ಹಣ ಕೊಡಲಾರದೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆಯು ತಪ್ಪಬಾರದೆಂಬುದನ್ನು ತನ್ನ ಮೂಲತತ್ತ್ವವನ್ನಾಗಿ ಹಿಡಿದಿತ್ತು. ಆ ಮಾತು ವಿಧಿಯಾಗದೆ ಅರ್ಥವಾದವಾಗಿಯೇ ಬಹುಕಾಲ ಉಳಿಯಿತು.

ಈ ಶೂನ್ಯವನ್ನು ನ್ಯಾಯಾಲಯಗಳು ಕೆಲಮಟ್ಟಿಗೆ ತುಂಬಿದವು. ೧೯೮೯ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಾಯಗೊಂಡವನ ಪ್ರಾಣರಕ್ಷಣೆಯು ಪೊಲೀಸು ವಿಧಾನಗಳಿಗಿಂತ ಮೊದಲಿನದೆಂದೂ, ಸರ್ಕಾರಿ ಖಾಸಗಿಯೆಂಬ ಭೇದವಿಲ್ಲದೆ ಎಲ್ಲ ವೈದ್ಯರ ಮೇಲೆಯೂ ಈ ಹೊಣೆಯಿದೆಯೆಂದೂ ತೀರ್ಮಾನಿಸಿತು. ೧೯೯೨ರಲ್ಲಿ ಬಂಗಾಳದ ಮಥುರಾಪುರದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೃಷಿಕಾರ್ಮಿಕನನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದೋ ಸಲಕರಣೆಯಿಲ್ಲವೆಂದೋ ತಿರುಗಿಸಿ ಕಳುಹಿಸಿದುವು. ಕೊನೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಬದುಕಿಕೊಂಡನು. ೧೯೯೬ರಲ್ಲಿ ಅದೇ ನ್ಯಾಯಾಲಯವು ಇದನ್ನು ಇಪ್ಪತ್ತೊಂದನೆಯ ವಿಧಿಯ ಜೀವನಾಧಿಕಾರದ ಭಂಗವೆಂದು ಹೇಳಿ, ೨೫,೦೦೦ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ಹಣದ ಕೊರತೆಯು ರಾಜ್ಯಕ್ಕೆ ನೆಪವಾಗಲಾರದೆಂದಿತು. ಆದರೆ ತೀರ್ಪು ಬರುವುದು ಪ್ರಾಣಸಂಕಟವು ಕಳೆದ ಮೇಲೆ. ಸಂಕಟಕ್ಕೆ ಮುಂಚೆಯೇ ಎಲ್ಲರಿಗೂ ತಿಳಿದಿರಬೇಕಾದ ವಾಕ್ಯವು ಶಾಸನಸಭೆಯಿಂದಲೇ ಬರಬೇಕು.

ಅಂತಹ ವಾಕ್ಯವನ್ನು ಹೇಳಲು ಮುಂದಾದುದು ರಾಜಸ್ಥಾನ. ಮಸೂದೆಯು ೨೦೨೨ರ ಸೆಪ್ಟೆಂಬರಿನಲ್ಲಿ ವಿಧಾನಸಭೆಯ ಮುಂದೆ ಬಂದು, ಆಯ್ಕೆ ಸಮಿತಿಗೆ ಹೋಗಿ, ತಿದ್ದುಪಡಿಗಳೊಡನೆ ೨೦೨೩ರ ಮಾರ್ಚಿ ೨೧ರಂದು ಅಂಗೀಕೃತವಾಯಿತು. ರಾಜ್ಯದ ಪ್ರತಿಯೊಬ್ಬ ನಿವಾಸಿಗೂ ಆರೋಗ್ಯದ ಅಧಿಕಾರಗಳನ್ನು ಅದು ಎಣಿಸುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಅವುಗಳ ಮಟ್ಟಕ್ಕೆ ಅನುಸಾರವಾಗಿ ಉಚಿತ ಚಿಕಿತ್ಸೆ ಔಷಧ ಪರೀಕ್ಷೆಗಳು, ರೋಗದ ವಿವರವನ್ನು ತಿಳಿಯುವ ಅಧಿಕಾರ, ಸಮ್ಮತಿಯಿಲ್ಲದೆ ಚಿಕಿತ್ಸೆಗೆ ಒಳಗಾಗದಿರುವ ಅಧಿಕಾರ ಮೊದಲಾದುವು ಅವುಗಳಲ್ಲಿ ಸೇರಿವೆ. ಪ್ರಧಾನವಾದುದು ತುರ್ತುಚಿಕಿತ್ಸೆ: ಅಪಘಾತದಲ್ಲಿಯೂ, ಹಾವು ಮೊದಲಾದ ಪ್ರಾಣಿಗಳ ಕಡಿತದಲ್ಲಿಯೂ, ಪ್ರಾಧಿಕಾರವು ನಿರ್ಣಯಿಸುವ ಇತರ ಸಂಕಟಗಳಲ್ಲಿಯೂ, ಮುಂಗಡ ಹಣವನ್ನು ಕೇಳದೆ ಚಿಕಿತ್ಸೆ ನಡೆಯತಕ್ಕುದು, ಆಮೇಲೆ ರೋಗಿಯು ಹಣ ಕೊಡದಿದ್ದರೆ ಸರ್ಕಾರವು ತುಂಬಿಕೊಡತಕ್ಕುದು. ಹಾವಿನ ಕಡಿತವನ್ನು ಹೆಸರಿಸಿರುವುದನ್ನು ಕಂಡಾಗ ನಮಗೆ ಪಾಠಶಾಲೆಯ ಆ ರಾತ್ರಿಯೂ, ವಿಷವೈದ್ಯಕ್ಕಾಗಿಯೇ ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ ಮಂಗರಾಜನೂ ಒಟ್ಟಿಗೆ ನೆನಪಾದರು. ಮದ್ದು ನಮ್ಮ ಭಾಷೆಗೆ ಹದಿನಾಲ್ಕನೆಯ ಶತಮಾನದಲ್ಲಿಯೇ ಬಂದಿತ್ತು; ಮದ್ದನ್ನು ಕೇಳುವ ಅಧಿಕಾರವು ಬರಲು ಇಷ್ಟು ಕಾಲ ಬೇಕಾಯಿತು.

(೪)

ಇನ್ನು ವಾಕ್ಯವಿಚಾರ. ಮೀಮಾಂಸಕರು ವಿಧಿಯನ್ನು ಉತ್ಪತ್ತಿ, ವಿನಿಯೋಗ, ಅಧಿಕಾರ, ಪ್ರಯೋಗ ಎಂದು ನಾಲ್ಕು ಬಗೆಯಾಗಿ ವಿಭಾಗಿಸುವರು. ಕರ್ಮದ ಸ್ವರೂಪವನ್ನು ಮಾತ್ರ ತಿಳಿಸುವುದು ಉತ್ಪತ್ತಿವಿಧಿ. ಪ್ರಧಾನಕ್ಕೂ ಅಂಗಗಳಿಗೂ ಸಂಬಂಧವನ್ನು ತಿಳಿಸುವುದು ವಿನಿಯೋಗವಿಧಿ. ಫಲದ ಒಡೆತನವು ಯಾರದೆಂಬುದನ್ನು ತಿಳಿಸುವುದು ಅಧಿಕಾರವಿಧಿ. ಅನುಷ್ಠಾನವು ವಿಳಂಬವಿಲ್ಲದೆ ನಡೆಯಬೇಕೆಂಬುದನ್ನು ತಿಳಿಸುವುದು ಪ್ರಯೋಗವಿಧಿ. ಲೌಗಾಕ್ಷಿಭಾಸ್ಕರನ ಅರ್ಥಸಂಗ್ರಹವನ್ನು ಓದಿದ ವಿದ್ಯಾರ್ಥಿಗೂ ಇದು ಪರಿಚಿತವೇ. ಪ್ರಕೃತ ಕಾಯಿದೆಯು ಈ ನಾಲ್ಕರಲ್ಲಿಯೂ ಸಮರ್ಥವಾಗಿದೆಯೆ ಎಂಬುದು ಪರೀಕ್ಷ್ಯವು.

ಉತ್ಪತ್ತಿವಿಧಿಯ ವಿಷಯದಲ್ಲಿ ಕಾಯಿದೆಯು ಪ್ರಶಂಸೆಗೆ ಅರ್ಹವಾಗಿದೆ. ಮುಂಗಡವಿಲ್ಲದ ತುರ್ತುಚಿಕಿತ್ಸೆಯೆಂಬ ಕರ್ಮವು ಸ್ಪಷ್ಟವಾಗಿ ವಿಹಿತವಾಗಿದೆ. ಪೊಲೀಸರ ಅನುಮತಿಗಾಗಿ ಕಾಯಬಾರದೆಂಬುದೂ ಉಕ್ತವಾಗಿದೆ. ಅಪಘಾತ, ಪ್ರಾಣಿಗಳ ಕಡಿತ ಇವೆರಡನ್ನು ಬಿಟ್ಟರೆ ಉಳಿದ ಸಂಕಟಗಳನ್ನು ಪ್ರಾಧಿಕಾರದ ನಿರ್ಣಯಕ್ಕೆ ಬಿಟ್ಟಿರುವುದು ಮಾತ್ರ ಸಂದೇಹಕ್ಕೆ ಎಡೆಮಾಡುತ್ತದೆ. ಎದೆನೋವಿನಿಂದ ಬಂದವನು ನಿರ್ಣಯವಾಗುವವರೆಗೆ ಎಲ್ಲಿ ನಿಲ್ಲಬೇಕು? ಹೆರಿಗೆಯ ಸಂಕಟವನ್ನು ಚಿಕಿತ್ಸೆಯ ವಿವರಣೆಯಲ್ಲಿ ಸೇರಿಸಿರುವುದು ಸಮಾಧಾನಕರ.

ಅಧಿಕಾರವಿಧಿಯಲ್ಲಿ ತೊಡಕುಂಟು. ಅಧಿಕಾರಿಯು ರಾಜ್ಯದ ನಿವಾಸಿಯೆಂದು ವಿಶೇಷಿತನಾಗಿದ್ದಾನೆ. ಉಚಿತ ಔಷಧದ ವಿಷಯದಲ್ಲಿ ಈ ವಿಶೇಷಣವು ಯುಕ್ತವಾಗಬಹುದು. ರಾಜ್ಯದ ಬೊಕ್ಕಸಕ್ಕೆ ಮಿತಿಯುಂಟಲ್ಲವೆ? ಆದರೆ ತುರ್ತುಚಿಕಿತ್ಸೆಯು ಅದೇ ಪಟ್ಟಿಯಲ್ಲಿಯೇ ಇರುವುದರಿಂದ ಅದಕ್ಕೂ ಈ ವಿಶೇಷಣವು ತಗಲುತ್ತದೆ. ಹುಬ್ಬಳ್ಳಿಯಿಂದ ಸರಕು ಹೊತ್ತು ಹೊರಟ ಲಾರಿಯ ಚಾಲಕನು ಅಜಮೇರಿನ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿದರೆ ಅವನು ಆ ರಾಜ್ಯದ ನಿವಾಸಿಯಲ್ಲ. ೧೯೮೯ರ ತೀರ್ಪು ಅವನನ್ನು ಕಾಯಬಹುದು. ಈ ಕಾಯಿದೆಯ ಪದಗಳು ಕಾಯುವುದಿಲ್ಲ. ಪ್ರಾಣಸಂಕಟವೇ ನಿಮಿತ್ತವಾದಲ್ಲಿ ಸಂಕಟಗ್ರಸ್ತತ್ವವೊಂದೇ ಅಧಿಕಾರಿವಿಶೇಷಣವಾಗಬೇಕಿತ್ತು.

ಇಲ್ಲಿ ಜೈಮಿನಿಯ ಆರನೆಯ ಅಧ್ಯಾಯವನ್ನು ಸ್ಮರಿಸುವುದು ಉಚಿತ. ಯಾಗಕ್ಕೆ ದ್ರವ್ಯವು ಬೇಕಾದುದರಿಂದ ಧನವಂತನಿಗೇ ಅಧಿಕಾರವೆಂದು ಅಲ್ಲಿ ಪೂರ್ವಪಕ್ಷವು ಎದ್ದು, ಧನವು ಅನಿತ್ಯವಾದುದು, ಇಂದು ಇಲ್ಲದವನಿಗೂ ಸಂಪಾದಿಸುವ ಶಕ್ಯತೆಯುಂಟು, ಆದಕಾರಣ ನಿರ್ಧನನಿಗೂ ಅಧಿಕಾರವುಂಟೆಂದು ಸಿದ್ಧಾಂತವಾಗಿದೆ. ಹಣವು ಅನುಷ್ಠಾನಕ್ಕೆ ಸಾಧನವೇ ಹೊರತು ಅಧಿಕಾರಕ್ಕೆ ಹೇತುವಲ್ಲವೆಂಬುದು ಇದರ ಸಾರವು. ಮುಂಗಡವಿಲ್ಲದ ಚಿಕಿತ್ಸೆಯ ವಿಧಿಯು ಈ ನ್ಯಾಯಕ್ಕೆ ಸಂಪೂರ್ಣವಾಗಿ ಅನುಗುಣವಾಗಿದೆ: ಹಣವನ್ನು ಆಮೇಲೆ ಹುಡುಕಬಹುದು, ಪ್ರಾಣವನ್ನು ಆಮೇಲೆ ಹುಡುಕಲಾಗದು. ಆದರೆ ಅದೇ ಅಧ್ಯಾಯದಲ್ಲಿ, ನಾಲ್ಕು ವರ್ಣಗಳಿಗೂ ಅಧಿಕಾರವುಂಟೆಂಬ ಬಾದರಿಯ ಮತವನ್ನು ಜೈಮಿನಿಯು ತಳ್ಳಿಹಾಕಿದ್ದಾನೆಂಬುದನ್ನೂ ನಾವು ಮುಚ್ಚಿಡಕೂಡದು. ಮೂವತ್ತು ವರ್ಷಗಳಿಂದ ಆ ಅಧಿಕರಣವನ್ನು ಪಾಠ ಹೇಳುತ್ತಿರುವ ನಮಗೆ, ಈಗೀಗ ಸಿದ್ಧಾಂತಕ್ಕಿಂತ ಬಾದರಿಯ ಮಾತೇ ಹೆಚ್ಚು ಹೃದ್ಯವಾಗಿ ತೋರುತ್ತಿದೆ.

ವಿನಿಯೋಗವಿಧಿಯು ಅತಿ ದುರ್ಬಲವಾದ ಭಾಗವು. ಚಿಕಿತ್ಸೆಯು ಪ್ರಧಾನವಾದರೆ ಹಾಸಿಗೆ, ಔಷಧ, ದಾದಿ, ವೈದ್ಯ, ಹಣ ಇವು ಅಂಗಗಳು. ಹಣವನ್ನು ಸರ್ಕಾರವು ತುಂಬಿಕೊಡುವುದೆಂದು ಹೇಳಿ, ಯಾವ ದರದಲ್ಲಿ, ಎಷ್ಟು ದಿನಗಳೊಳಗೆ, ಯಾವ ಲೆಕ್ಕದಿಂದ ಎಂಬುದನ್ನು ಮುಂದೆ ಮಾಡುವ ನಿಯಮಗಳಿಗೆ ಬಿಟ್ಟಿದೆ. ಖಾಸಗಿ ವೈದ್ಯರ ಆಕ್ಷೇಪದಲ್ಲಿ ನ್ಯಾಯವಾದ ಅಂಶವು ಇದೇ ಆಗಿತ್ತು. ಬಂಗಾಳದ ಆ ಕಾರ್ಮಿಕನಿಗೆ ತಪ್ಪಿದುದು ಮುಂಗಡವಿಲ್ಲದ ಕಾರಣದಿಂದಲ್ಲ, ಹಾಸಿಗೆಯಿಲ್ಲದ ಕಾರಣದಿಂದ ಎಂಬುದನ್ನು ಮರೆತರೆ, ಕಾಯಿದೆಯು ಬಾಗಿಲನ್ನು ತೆರೆದು ಕೋಣೆಯನ್ನು ಕಟ್ಟದೆ ಬಿಟ್ಟಂತಾಗುವುದು.

ಪ್ರಯೋಗವಿಧಿಯ ಪ್ರಾಣವೇ ಶೀಘ್ರತೆ. ತುರ್ತು ಎಂಬ ಪದದಲ್ಲಿಯೇ ಅದು ಅಡಗಿದೆ. ಹೀಗಿರಲು, ಕಾಯಿದೆಯು ಅಂಗೀಕೃತವಾಗಿ ಒಂದು ವರ್ಷವು ಕಳೆದ ಮೇಲೂ ಅದನ್ನು ನಡೆಯಿಸುವ ನಿಯಮಗಳು ಪ್ರಕಟವಾಗಿರಲಿಲ್ಲವೆಂಬುದು ವಿಪರ್ಯಾಸವು. ಶೀಘ್ರತೆಯನ್ನು ವಿಧಿಸುವ ವಾಕ್ಯವೇ ವಿಳಂಬಕ್ಕೆ ತುತ್ತಾಯಿತು. ದೂರಿನ ವಿಧಾನವೂ ಇದೇ ಜಾತಿಯದು: ಮೊದಲು ದೂರನ್ನು ಕೊಡಬೇಕಾದುದು ಯಾವ ಸಂಸ್ಥೆಯ ಮೇಲೆ ದೂರೋ ಆ ಸಂಸ್ಥೆಯ ಮುಖ್ಯಸ್ಥನಿಗೇ. ತಪ್ಪಿದವರಿಗೆ ಮೊದಲ ಸಲ ೧೦,೦೦೦ ರೂಪಾಯಿಗಳವರೆಗೂ, ಮತ್ತೆ ತಪ್ಪಿದರೆ ೨೫,೦೦೦ ರೂಪಾಯಿಗಳವರೆಗೂ ದಂಡವಿದೆ; ಅದೂ ತಿಳಿದು ತಪ್ಪಿದರೆ ಮಾತ್ರ. ಕೆಲವು ಆಸ್ಪತ್ರೆಗಳ ಒಂದು ದಿನದ ಬಿಲ್ಲಿಗಿಂತ ಈ ದಂಡವು ಕಡಿಮೆಯಾದುದೆಂಬುದನ್ನು ಹೇಳಬೇಕಾಗಿಲ್ಲ.

(೫)

ಕಾಯಿದೆಯನ್ನು ವಿರೋಧಿಸಿ ಖಾಸಗಿ ವೈದ್ಯರು ೨೦೨೩ರ ಮಾರ್ಚಿಯಲ್ಲಿ ಮುಷ್ಕರ ಹೂಡಿದರು. ಏಪ್ರಿಲ್ ೪ರಂದು ಸರ್ಕಾರಕ್ಕೂ ಅವರಿಗೂ ಎಂಟು ಅಂಶಗಳ ಒಪ್ಪಂದವಾಯಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳೂ, ಸರ್ಕಾರದಿಂದ ಭೂಮಿಯನ್ನಾಗಲಿ ರಿಯಾಯಿತಿಯನ್ನಾಗಲಿ ಪಡೆಯದೆ ಸ್ಥಾಪಿತವಾದವುಗಳೂ ಕಾಯಿದೆಯ ವ್ಯಾಪ್ತಿಯಿಂದ ಹೊರಗಿರತಕ್ಕುವೆಂಬುದು ಅದರ ತಿರುಳು.

ಇಲ್ಲಿ ವಿರೋಧಾಧಿಕರಣವು ಪ್ರವರ್ತಿಸುತ್ತದೆ. ಪ್ರತ್ಯಕ್ಷಶ್ರುತಿಗೂ ಸ್ಮೃತಿಗೂ ವಿರೋಧವು ಬಂದಾಗ ಸ್ಮೃತಿಯು ಅನಾದರಣೀಯವೆಂಬುದು ಅಲ್ಲಿಯ ನಿರ್ಣಯವು. ಶಾಸನಸಭೆಯು ಅಂಗೀಕರಿಸಿದ ವಾಕ್ಯವು ಶ್ರುತಿಸ್ಥಾನೀಯವು. ಸಚಿವಾಲಯದಲ್ಲಿ ಸಹಿಯಾದ ಒಪ್ಪಂದವು ಹೆಚ್ಚೆಂದರೆ ಸ್ಮೃತಿಸ್ಥಾನೀಯವು. ನಿಯೋಜಿತ ಕೇಂದ್ರಗಳು ಯಾವುವೆಂಬುದನ್ನು ನಿಯಮಗಳಿಂದ ತಿಳಿಸಬಹುದೆಂಬ ಮಾತು ಕಾಯಿದೆಯಲ್ಲಿರುವುದರಿಂದ, ಆ ದಾರಿಯಲ್ಲಿ ವಿನಾಯಿತಿಯನ್ನು ಒಳಗೆ ತರಲು ಪ್ರಯತ್ನಿಸಬಹುದು. ಆದರೆ ಪ್ರತಿಯೊಬ್ಬನಿಗೂ ಎಂದು ಆರಂಭವಾದ ವಾಕ್ಯವನ್ನು ನಿಯಮದ ಮೂಲಕ ಕೆಲವೆಡೆ ಮಾತ್ರ ಎಂದು ಮುಗಿಸುವುದು ಉಪಕ್ರಮೋಪಸಂಹಾರಗಳ ವಿರೋಧವಲ್ಲದೆ ಮತ್ತೇನು?

ಅದೇ ಪ್ರಕರಣದಲ್ಲಿ ಮತ್ತೊಂದು ನ್ಯಾಯವಿದೆ. ಯಾಗದ ವಸ್ತ್ರವನ್ನು ಋತ್ವಿಜನು ತೆಗೆದುಕೊಳ್ಳಬೇಕೆಂಬ ಸ್ಮೃತಿಯಲ್ಲಿ ಲೋಭವೆಂಬ ಹೇತುವು ಕಾಣುವುದರಿಂದ ಅದು ಪ್ರಮಾಣವಲ್ಲವೆಂದು ಮೀಮಾಂಸಕರು ನಿರ್ದಾಕ್ಷಿಣ್ಯವಾಗಿ ಹೇಳಿದ್ದಾರೆ. ಇದನ್ನು ವೈದ್ಯರ ಮೇಲೆ ಹಾಗೆಯೇ ಎಸೆಯುವುದು ಸುಲಭ. ನಾವು ಹಾಗೆ ಮಾಡೆವು. ಸಾಲ ಮಾಡಿ ಹತ್ತು ಹಾಸಿಗೆಗಳ ಆಸ್ಪತ್ರೆಯನ್ನು ಕಟ್ಟಿದ ತಾಲ್ಲೂಕಿನ ವೈದ್ಯನ ಭಯವು ಲೋಭವಲ್ಲ. ಬಾಕಿಯು ಬಾರದೆಂಬ ಅನುಭವದಿಂದ ಹುಟ್ಟಿದುದು. ಆದರೆ ಆ ಭಯಕ್ಕೆ ಪರಿಹಾರವು ವಿನಿಯೋಗವಿಧಿಯನ್ನು ಬಲಪಡಿಸುವುದರಲ್ಲಿದೆ, ಅಧಿಕಾರವಿಧಿಯನ್ನು ಮೊಟಕುಗೊಳಿಸುವುದರಲ್ಲಿ ಇಲ್ಲ. ಹಣವನ್ನು ಗೊತ್ತಾದ ದಿನದೊಳಗೆ ಸರ್ಕಾರವು ತುಂಬಿಕೊಡದಿದ್ದರೆ ಬಡ್ಡಿಯೊಡನೆ ಕೊಡತಕ್ಕುದೆಂದು ಬರೆದಿದ್ದಲ್ಲಿ ಆ ವೈದ್ಯನಿಗೂ ರೋಗಿಗೂ ಒಂದೇ ವಾಕ್ಯದಿಂದ ರಕ್ಷಣೆಯು ದೊರೆಯುತ್ತಿತ್ತು.

ಇನ್ನೂ ಒಂದು ಮಾತು. ಸಣ್ಣ ಆಸ್ಪತ್ರೆಗಳಿಗೆ ವಿನಾಯಿತಿಯು ಅವಶ್ಯಕವೇ ಆಗಿರಲಿಲ್ಲ. ಕಾಮ್ಯಕರ್ಮವನ್ನು ಸರ್ವಾಂಗಸಹಿತವಾಗಿಯೇ ಮಾಡಬೇಕು. ನಿತ್ಯನೈಮಿತ್ತಿಕಗಳನ್ನು ಯಥಾಶಕ್ತಿಯಾಗಿ ಮಾಡಿದರೂ ಸಾಕೆಂಬುದು ಶಾಸ್ತ್ರಮರ್ಯಾದೆ. ಮನೆಯು ಉರಿದಾಗ ಮಾಡುವ ಇಷ್ಟಿಯಂತೆ ತುರ್ತುಚಿಕಿತ್ಸೆಯು ನೈಮಿತ್ತಿಕವು. ನಿಮಿತ್ತವು ಒದಗಿದಾಗ ಬಿಡುವಂತಿಲ್ಲ, ಶಕ್ತಿಯಿದ್ದಷ್ಟು ಮಾಡಿದರೆ ಲೋಪವಿಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನ ಮಟ್ಟಕ್ಕೆ ಅನುಸಾರವಾಗಿ ಚಿಕಿತ್ಸೆ ಮಾಡಿ, ಸ್ಥಿತಿಯನ್ನು ಸ್ಥಿಮಿತಕ್ಕೆ ತಂದು, ಬೇಕಾದರೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂದು ಕಾಯಿದೆಯೇ ಹೇಳಿದೆ. ಹತ್ತು ಹಾಸಿಗೆಯವನಿಂದ ಮೆದುಳಿನ ಶಸ್ತ್ರಕ್ರಿಯೆಯನ್ನು ಅದು ಕೇಳುತ್ತಿಲ್ಲ. ರಕ್ತವನ್ನು ನಿಲ್ಲಿಸಿ ಗಾಡಿಯನ್ನು ಕರೆಯುವುದನ್ನು ಮಾತ್ರ ಕೇಳುತ್ತಿದೆ. ಯಥಾಶಕ್ತಿಯೆಂಬ ಕವಚವು ಪಾಠದಲ್ಲಿಯೇ ಇರುವಾಗ ಪಾಠದಿಂದಲೇ ಹೊರಗೆ ಹೋಗಲು ಬಾಗಿಲನ್ನು ತೆರೆದುದು ವಾಕ್ಯಾರ್ಥವನ್ನು ಎರಡು ಪಕ್ಷದವರೂ ಸಾವಧಾನವಾಗಿ ಓದದ ಫಲವೆಂದು ತೋರುತ್ತದೆ. ಹಳ್ಳಿಗೂ ಸಣ್ಣ ಊರಿಗೂ ಹತ್ತಿರವಿರುವುವು ಸಣ್ಣ ಆಸ್ಪತ್ರೆಗಳೇ ಆದುದರಿಂದ, ವಿನಾಯಿತಿಯ ಭಾರವು ಯಾರ ಮೇಲೆ ಬೀಳುವುದೆಂಬುದನ್ನು ವಿವರಿಸಬೇಕಾಗಿಲ್ಲ.

(೬)

ನಮ್ಮ ರಾಜ್ಯದ ವಿಷಯವನ್ನು ಸಂಕ್ಷೇಪವಾಗಿ ಹೋಲಿಸುವ. ೧೯೭೬ರ ನರ್ಸಿಂಗ್ ಹೋಮುಗಳ ಕಾಯಿದೆಯ ಸ್ಥಾನದಲ್ಲಿ ಕರ್ಣಾಟಕವು ೨೦೦೭ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯನ್ನು ತಂದಿತು. ೨೦೧೭ರ ತಿದ್ದುಪಡಿಯ ಮಸೂದೆಯನ್ನು ವಿರೋಧಿಸಿ ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಮಾಡಿದರು. ಬೆಳಗಾವಿಯ ಅಧಿವೇಶನದಲ್ಲಿ ಮಸೂದೆಯು, ಹೆಚ್ಚು ಹಣ ಪಡೆದುದಕ್ಕೆ ಸೆರೆವಾಸವೆಂಬ ಅಂಶವನ್ನು ಕಳೆದುಕೊಂಡು ಅಂಗೀಕೃತವಾಯಿತು. ರೋಗಿಗಳ ಸನ್ನದು, ಜಿಲ್ಲೆಯ ಮಟ್ಟದಲ್ಲಿ ದೂರಿನ ವಿಚಾರಣೆ, ಬಾಕಿಯ ಕಾರಣದಿಂದ ಮೃತದೇಹವನ್ನು ತಡೆಹಿಡಿಯಕೂಡದೆಂಬ ನಿರ್ಬಂಧ ಇವು ಅದರಿಂದ ಬಂದ ಲಾಭಗಳು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿಯು ಸರ್ಕಾರಿ ಆಸ್ಪತ್ರೆಗಳನ್ನೂ ಕಟ್ಟಳೆಗೆ ಒಳಪಡಿಸಬೇಕೆಂದಿದ್ದರೂ ಅದು ನಡೆಯಲಿಲ್ಲ. ರಾಜಸ್ಥಾನದ ಕಾಯಿದೆಯು ಪಡೆಯುವವನಿಂದ ಆರಂಭಿಸುತ್ತದೆ. ನಮ್ಮದು ಕೊಡುವ ಸಂಸ್ಥೆಯಿಂದ ಆರಂಭಿಸುತ್ತದೆ. ಒಂದರಲ್ಲಿ ಅಧಿಕಾರವು ಪ್ರಧಾನ, ನಿಯಮನವು ದುರ್ಬಲ. ಇನ್ನೊಂದರಲ್ಲಿ ನಿಯಮನವು ಪ್ರಧಾನ, ಅಧಿಕಾರವು ಅದರ ನೆರಳಿನಲ್ಲಿದೆ.

ಇದಕ್ಕೆ ಪ್ರತಿಯಾಗಿ ಯೋಜನೆಗಳಿವೆಯಲ್ಲ ಎಂದು ಕೇಳುವವರುಂಟು. ೨೦೦೩ರ ಯಶಸ್ವಿನಿಯಿಂದ ೨೦೧೮ರ ಆರೋಗ್ಯ ಕರ್ಣಾಟಕದವರೆಗೆ ನಮ್ಮಲ್ಲಿಯೂ ಅನೇಕವು ಬಂದುವು. ಅವುಗಳಿಂದ ಉಪಕಾರವಾಗಿದೆ, ಸಂದೇಹವಿಲ್ಲ. ಆದರೆ ಯೋಜನೆಯು ದಾನಶಾಸನದ ಕುಲದ್ದು; ಕೊಟ್ಟವನ ಇಚ್ಛೆಯಿಂದ ಬದಲಾಗಬಲ್ಲುದು. ರಾಜಸ್ಥ��ನದಲ್ಲಿಯೇ ೨೦೨೧ರಲ್ಲಿ ಚಿರಂಜೀವಿಯೆಂಬ ಹೆಸರಿನಿಂದ ಹುಟ್ಟಿದ ಯೋಜನೆಯು ಸರ್ಕಾರವು ಬದಲಾದ ಮೇಲೆ ೨೦೨೪ರಲ್ಲಿ ಬೇರೆ ಹೆಸರನ್ನು ಪಡೆಯಿತು. ಕಾಯಿದೆಯನ್ನಾದರೋ ಬದಲಿಸಬೇಕಾದರೆ ಸಭೆಯಲ್ಲಿ ಎದ್ದುನಿಂತು ಕಾರಣವನ್ನು ಹೇಳಬೇಕು.

ಕೊನೆಯದಾಗಿ ಶಬ್ದವಿಚಾರ. ಹಿಂದಿಯಲ್ಲಿ ಅಧಿಕಾರವೆಂದರೆ ಹಕ್ಕು. ಆ ಕಾಯಿದೆಯ ಹಿಂದೀ ಹೆಸರಿನಲ್ಲಿ ಇರುವುದೂ ಅದೇ ಪದವು. ಕನ್ನಡದಲ್ಲಿ ಅಧಿಕಾರವೆಂದೊಡನೆ ಕಚೇರಿಯ ಮೇಜಿನ ಆಚೆ ಕುಳಿತವನು ಕಣ್ಣಿಗೆ ಕಟ್ಟುತ್ತಾನೆ. ಅಧಿಕಾರಿಯೆಂಬ ಶಬ್ದವಂತೂ ಅವನಿಗೇ ಮೀಸಲಾಗಿದೆ. ಮೀಮಾಂಸೆಯಲ್ಲಿ ಅಧಿಕಾರಿಯೆಂದರೆ ಫಲದ ಒಡೆಯನು, ಎಂದರೆ ಮೇಜಿನ ಈಚೆ ನಿಂತವನು. ನಮ್ಮ ಭಾಷೆಯು ಈ ಅರ್ಥವನ್ನು ಕಳೆದುಕೊಂಡು, ಅದರ ಎಡೆಯಲ್ಲಿ ಅರಬ್ಬಿಯಿಂದ ಬಂದ ಹಕ್ಕು ಎಂಬ ಮಾತನ್ನು ಪ್ರೀತಿಯಿಂದ ತನ್ನದಾಗಿ ಮಾಡಿಕೊಂಡಿದೆ. ಹಳ್ಳಿಯ ಮುದುಕಿಯೂ ನನ್ನ ಹಕ್ಕು ಎನ್ನುವಳು; ನನ್ನ ಅಧಿಕಾರ ಎನ್ನಳು. ಆದಕಾರಣ ಇಂತಹ ಕಾಯಿದೆಯು ನಮ್ಮಲ್ಲಿ ಬಂದ ಪಕ್ಷದಲ್ಲಿ ಆರೋಗ್ಯದ ಹಕ್ಕು ಎಂಬ ಹೆಸರೇ ಅದಕ್ಕೆ ಇರಲಿ. ರೋಗಿಗಳ ಸನ್ನದು ಆಸ್ಪತ್ರೆಯ ಬಾಗಿಲಿನಲ್ಲಿ ಆ ಮುದುಕಿಗೆ ಓದಿ ಹೇಳಿದರೆ ತಿಳಿಯುವಂತಹ ಕನ್ನಡದಲ್ಲಿರಲಿ. ಅದನ್ನು ಬರೆದುಕೊಡುವುದು ಸಾಹಿತ್ಯದ ಉಪಾಧ್ಯಾಯರಿಗೆ ಕೀಳಾದ ಕೆಲಸವಲ್ಲ.

ಸಂಗ್ರಹವಾಗಿ ಹೇಳುವುದಾದರೆ, ರಾಜಸ್ಥಾನದ ಕಾಯಿದೆಯು ಉತ್ಪತ್ತಿಯಲ್ಲಿ ಧೀರವಾದುದು, ಅಧಿಕಾರದಲ್ಲಿ ಸಂಕುಚಿತವಾದುದು, ವಿನಿಯೋಗದಲ್ಲಿ ದರಿದ್ರವಾದುದು, ಪ್ರಯೋಗದಲ್ಲಿ ಮಂದವಾದುದು. ಆದರೂ ದಾನವನ್ನು ವಿಧಿಯನ್ನಾಗಿ ಮಾಡಿದ ವಾಕ್ಯವೆಂಬ ಕೀರ್ತಿಯು ಅದಕ್ಕೆ ಸಲ್ಲತಕ್ಕುದು. ದೋಷವಿರುವುದರಿಂದ ವಾಕ್ಯವನ್ನೇ ಬಿಡಬೇಕೆಂಬುದು ಮೀಮಾಂಸಕರ ಮಾರ್ಗವಲ್ಲ. ನ್ಯಾಯಗಳಿಂದ ಅದನ್ನು ಸಮಂಜಸಗೊಳಿಸುವುದೇ ಮಾರ್ಗವು. ಪಾಠಶಾಲೆಯ ಆ ಮುದುಕರು ಈಗಲೂ ಅಡಿಗೆ ಮಾಡುತ್ತಿದ್ದಾರೆ. ಆ ರಾತ್ರಿ ಅವರನ್ನು ಉಳಿಸಿದುದು ವಿಧಿಯಲ್ಲ, ಹಾವಿನ ಜಾತಿಯೆಂಬುದು ಮಾತ್ರ ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ಇಲ್ಲಿ ಅನ್ವಯಿಸಿದ ನ್ಯಾಯಗಳಲ್ಲಿ ಸ್ಖಾಲಿತ್ಯವಿದ್ದರೆ ವಿದ್ವಾಂಸರು ತೋರಿಸಿಕೊಡಬೇಕೆಂದು ಪ್ರಾರ್ಥಿಸುವೆವು. ಅಲಮತಿವಿಸ್ತರೇಣ.